ಗಜ್ಜರಿ ಕೇಕಿನ ನಡು ಯಾಕೆ ಕುಸಿಯುತ್ತದೆ? ಕೊಯ್ದು ನೋಡಿ, ಒಂದೊಂದೇ ಹುಡುಕಿ

ಹೋದ ಜನವರಿಯಲ್ಲಿ ಮೂರು ವಾರದೊಳಗೆ ನಾಲ್ಕು ಗಜ್ಜರಿ ಕೇಕ್ ಮಾಡಿದೆ. ಮೂರು ಕೆಟ್ಟವು. ಹುಟ್ಟುಹಬ್ಬಕ್ಕೆ ಬೇಕರಿಯದು ಬೇಡ, ಮನೆಯದೇ ಬೇಕು ಅಂತ ಮಗಳು ಕೇಳಿದ್ದಳು, ಹಾಗಾಗಿ ಬಿಡುವ ಮಾತೇ ಇರಲಿಲ್ಲ. ಮೊದಲನೆಯದು ಓವನ್ನಿನಿಂದ ಹೊರಗೆ ಬಂದಾಗ ಚಂದವೇ ಇತ್ತು. ದುಂಡಗೆ ಉಬ್ಬಿತ್ತು, ದಾಲ್ಚಿನ್ನಿ ವಾಸನೆ ಅಂಗಳದವರೆಗೆ ಹೋಗಿತ್ತು. ಹತ್ತು ನಿಮಿಷ ಆಗುವುದರೊಳಗೆ ನಡು ತಟ್ಟೆಯ ಹಾಗೆ ತಗ್ಗಾಯಿತು. ಪಕ್ಕದ ಮನೆಯವರು ಒಂದು ತುಂಡು ಬಾಯಿಗೆ ಹಾಕಿಕೊಂಡು, "ರುಚಿ ಚಲೋ ಐತ್ರಿ ವೈನಿ, ಆದ್ರ ನಡುಕ ಹಸೀನ ಉಳದೈತಲ್ರಿ" ಅಂದರು. ನಿಜ. ಅಂಚಿನಲ್ಲಿ ಕೇಕ್, ನಡುವೆ ಹಲ್ವಾ.

ಕೇಳಿದವರೆಲ್ಲ ಹೇಳಿದ್ದು ಒಂದೇ: ಸೋಡಾ ಸ್ವಲ್ಪ ಜಾಸ್ತಿ ಹಾಕಿ. ಹಾಕಿದೆ. ಎರಡನೆಯದು ಇನ್ನೂ ಎತ್ತರಕ್ಕೆ ಎದ್ದು ಇನ್ನೂ ಆಳಕ್ಕೆ ಬಿತ್ತು, ಬಾಯಲ್ಲಿ ಸಾಬೂನಿನ ರುಚಿ. ಮೂರನೆಯದಕ್ಕೆ ಸೋಡಾ ಕಡಿಮೆ ಮಾಡಿ, ಶಾಖ ಏರಿಸಿ, ಒಂದು ಮುಷ್ಟಿ ಮೈದಾ ಜಾಸ್ತಿ ಹಾಕಿ, ಎಲ್ಲ ಒಟ್ಟಿಗೇ ಬದಲಿಸಿದೆ. ಮೇಲೆ ಕರಿ, ಒಳಗೆ ಹಸಿ. ಯಾವುದರಿಂದ ಏನಾಯಿತು ಅಂತ ತಿಳಿಯುವ ದಾರಿಯೇ ಉಳಿಯಲಿಲ್ಲ. ನಾಲ್ಕನೆಯದಕ್ಕೆ ಮತ್ತೆ ಮೊದಲನೆಯ ಅಳತೆಗೇ ಹೋಗಿ ಒಂದೇ ಒಂದು ಬದಲಾವಣೆ ಮಾಡಿದೆ. ತುರಿದ ಗಜ್ಜರಿಯನ್ನು ಹಿಂಡಿದೆ. ಆ ಕೇಕ್ ನಿಂತಿತು.

ಆಮೇಲೆ ಇವತ್ತಿನವರೆಗೆ ಹುಬ್ಬಳ್ಳಿ, ಗದಗ, ಹಾವೇರಿಯಲ್ಲಿರುವ ನಮ್ಮವರು ಎಷ್ಟೋ ಜನ ತಮ್ಮ ಕೆಟ್ಟ ಕೇಕಿನ ಫೋಟೊ ಕಳಿಸಿ ಕೇಳಿದ್ದಾರೆ. ಹೆಚ್ಚಿನ ಸಲ ಕಾರಣ ನೀರು, ಇಲ್ಲಾ ಓವನ್ನಿನ ಶಾಖ. ಸೋಡಾದ ಪಾಳಿ ಆಮೇಲಿನದು. ಅದೇ ಕ್ರಮದಲ್ಲಿ ಹೇಳುತ್ತೇನೆ.

ಹೋಲಿಸಿ ನೋಡಲು ನನ್ನ ಅಳತೆ ಕೊಟ್ಟಿರುತ್ತೇನೆ. 8 ಇಂಚಿನ ದುಂಡನೆಯ ಡಬ್ಬಿಗೆ ಮೈದಾ 200 ಗ್ರಾಂ, ಸಕ್ಕರೆ 180 ಗ್ರಾಂ, ಎಣ್ಣೆ 160 ಮಿಲಿ, ಮೊಟ್ಟೆ 3, ತುರಿದ ಗಜ್ಜರಿ 250 ಗ್ರಾಂ, ಬೇಕಿಂಗ್ ಪೌಡರ್ ಒಂದೂವರೆ ಚಮಚ, ಸೋಡಾ ಅರ್ಧ ಚಮಚ, ದಾಲ್ಚಿನ್ನಿ ಪುಡಿ ಒಂದು ಚಮಚ, ಚಿಟಿಕೆ ಉಪ್ಪು. ಚಮಚ ಅಂದರೆ 5 ಮಿಲಿಯ ಅಳತೆ ಚಮಚ, ತಲೆ ಸವರಿದ್ದು. 170 ಡಿಗ್ರಿಯಲ್ಲಿ 45ರಿಂದ 50 ನಿಮಿಷ. ಮೊಟ್ಟೆ ನಡೆಯದ ಮನೆಯವರು ಮೂರು ಮೊಟ್ಟೆಯ ಬದಲು ಗಟ್ಟಿ ಮೊಸರು 180 ಗ್ರಾಂ ಹಾಕಿ, ಸೋಡಾ ಮುಕ್ಕಾಲು ಚಮಚ, ಪೌಡರ್ ಒಂದು ಚಮಚ ಮಾಡಿಕೊಳ್ಳಿ. ನಿಮ್ಮ ಅಳತೆ ಇದಕ್ಕಿಂತ ತೀರಾ ದೂರ ಇದ್ದರೆ ಮೊದಲು ಅದನ್ನೇ ನೋಡಿ.

ಕೆಟ್ಟ ಕೇಕನ್ನು ಎಸೆಯಬೇಡಿ, ಕೊಯ್ಯಿರಿ

ಪೂರ್ತಿ ಆರಿದ ಮೇಲೆ, ಕನಿಷ್ಠ ಒಂದು ಗಂಟೆ ಬಿಟ್ಟು, ನಟ್ಟನಡುವೆ ನೇರವಾಗಿ ಕೊಯ್ದು ಅರ್ಧ ಭಾಗವನ್ನು ಬೆಳಕಿಗೆ ಹಿಡಿಯಿರಿ. ಬಿಸಿ ಇರುವಾಗಲೇ ಕೊಯ್ದರೆ ಚೆನ್ನಾಗಿ ಬೆಂದ ಕೇಕ್ ಕೂಡ ಅಂಟಂಟಾಗಿಯೇ ಕಾಣುತ್ತದೆ, ಸುಮ್ನೆ ಗಾಬರಿಯಾಗುತ್ತೀರಿ.

ನಾನು ಮೊದಲನೆಯದನ್ನು ಹೀಗೆ ಕಿಟಕಿಗೆ ಹಿಡಿದು ನೋಡಿದಾಗ ಮೇಲಿನ ಮುಕ್ಕಾಲು ಭಾಗ ಜಾಳಿಗೆಯ ಹಾಗೆ ಸಣ್ಣ ಸಣ್ಣ ತೂತು ಬಿಟ್ಟುಕೊಂಡು ಬೆಂದಿತ್ತು. ತಳದಲ್ಲಿ ಮಾತ್ರ ಒಂದು ಬೆರಳು ದಪ್ಪದ ಪಟ್ಟಿ, ಒಂದೂ ತೂತಿಲ್ಲ, ಮೇಣದ ಹಾಗೆ ಹೊಳೆಯುತ್ತಿತ್ತು. ಗಜ್ಜರಿಯ ಎಳೆಗಳ ಸುತ್ತ ಒದ್ದೆಯ ಕಲೆ. ಬೆರಳಿನಿಂದ ಒತ್ತಿದರೆ ಗುಳಿ ಹಾಗೇ ಉಳಿಯಿತು. ಹೀಗೆ ತಳದಲ್ಲಿ ಒದ್ದೆ ಪಟ್ಟಿ, ಎಳೆಯ ಸುತ್ತ ತೇವ ಕಂಡರೆ ಅದು ನೀರಿನ ತಕರಾರು.

ಪಟ್ಟಿ ಇಲ್ಲ, ಆದರೆ ನಟ್ಟನಡುವೆ ಒಂದು ಉಂಡೆಯಷ್ಟು ಜಾಗ ಹಿಟ್ಟು ಹಿಟ್ಟಾಗಿ, ಚಮಚದಲ್ಲಿ ತೆಗೆಯುವ ಹಾಗೆ ಇದೆ, ಸುತ್ತ ಚೆನ್ನಾಗಿ ಬೆಂದಿದೆ ಅಂದರೆ ಶಾಖ ಅಥವಾ ಸಮಯ ಸಾಲಲಿಲ್ಲ. ನಡು ಬೆಂದಿದೆ, ತೂತುಗಳು ದೊಡ್ಡವು, ಕೆಲವು ಸುರಂಗದ ಹಾಗೆ ಮೇಲಕ್ಕೆ ಹೋಗಿವೆ, ಆದರೂ ಕುಸಿದಿದೆ ಅಂದರೆ ಸೋಡಾ ಜಾಸ್ತಿ ಆಗಿದೆ. ಈ ಮೂರನ್ನು ಬೇರೆ ಬೇರೆ ಮಾಡಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಗಜ್ಜರಿಯ ನೀರು

100 ಗ್ರಾಂ ಗಜ್ಜರಿಯಲ್ಲಿ ಸುಮಾರು 88 ಗ್ರಾಂ ನೀರೇ ಇರುತ್ತದೆ. ಅಂದರೆ ನನ್ನ ಅಳತೆಯ 250 ಗ್ರಾಂ ತುರಿಯಲ್ಲಿ 220 ಮಿಲಿ ನೀರು, ಹೆಚ್ಚುಕಡಿಮೆ ಒಂದು ಲೋಟ. ಅಷ್ಟೂ ಹೊರಗೆ ಬರುವುದಿಲ್ಲ, ಎಳೆಯೊಳಗೇ ಉಳಿಯುವುದು ಜಾಸ್ತಿ, ಅದರಿಂದಲೇ ಈ ಕೇಕ್ ಮೂರು ದಿನ ಮೆತ್ತಗಿರುವುದು. ತೊಂದರೆ ಕೊಡುವುದು ಹಿಟ್ಟಿಗೆ ಇಳಿಯುವ ನೀರು. ತುರಿಗೆ ಸಕ್ಕರೆ ತಾಗಿದ ಕೂಡಲೇ ನೀರು ಬಿಡಲು ಶುರು ಮಾಡುತ್ತದೆ, ಕೋಸಂಬರಿಗೆ ಉಪ್ಪು ಹಾಕಿ ಇಟ್ಟರೆ ಆಗುತ್ತದಲ್ಲ, ಹಾಗೇ. ಹಿಟ್ಟು ಕಲಸಿಟ್ಟು, ಫೋನ್ ಬಂತು ಅಂತ ಹೋಗಿ, ಇಪ್ಪತ್ತು ನಿಮಿಷ ಬಿಟ್ಟು ಬಂದು ನೋಡಿದರೆ ಇಡ್ಲಿ ಹಿಟ್ಟಿನಷ್ಟು ಗಟ್ಟಿ ಇದ್ದದ್ದು ದೋಸೆ ಹಿಟ್ಟಾಗಿರುತ್ತದೆ.

ಅನುಮಾನ ಇದ್ದರೆ ಅಳೆದೇ ನೋಡಿ. ತುರಿಗೆ ಎರಡು ಚಮಚ ಸಕ್ಕರೆ ಬೆರೆಸಿ ಹದಿನೈದು ನಿಮಿಷ ಇಡಿ. ತೆಳು ಬಟ್ಟೆಯಲ್ಲಿ ಕಟ್ಟಿ ಒಂದು ವಾಟಿಯ ಮೇಲೆ ಹಿಂಡಿ. ನಾನು ನಾಲ್ಕನೇ ಕೇಕಿಗೆ ಹಿಂಡಿದಾಗ ಕಾಲು ಕಪ್ಪಿನ ಹತ್ತಿರ ಕಿತ್ತಳೆ ಬಣ್ಣದ ರಸ ಬಂತು. ಆ ವಾಟಿಯನ್ನು ನೋಡಿ ಸುಮಾರು ಹೊತ್ತು ನಿಂತಿದ್ದೆ. ಇಷ್ಟು ನೀರನ್ನು ನಾನೇ ಸುರಿದಿದ್ದರೆ ಕೇಕ್ ಕೆಟ್ಟಿತು ಅಂತ ಆಗಲೇ ಗೊತ್ತಾಗುತ್ತಿತ್ತು, ಅಲ್ವಾ? ಗಜ್ಜರಿಯೊಳಗೆ ಅಡಗಿ ಬಂದಿದ್ದಕ್ಕೆ ಕಣ್ಣಿಗೆ ಬೀಳಲಿಲ್ಲ.

ಯಾವ ಗಜ್ಜರಿ ಅನ್ನುವುದೂ ಮುಖ್ಯ. ಸಂಕ್ರಾಂತಿ ಹೊತ್ತಿಗೆ ನಮ್ಮ ಸಂತೆಗಳಲ್ಲಿ, ಹುಬ್ಬಳ್ಳಿಯ ದುರ್ಗದ ಬೈಲ್ ಮಾರುಕಟ್ಟೆಯಲ್ಲಿ, ರಾಶಿ ಹಾಕುವ ಉದ್ದನೆಯ ಕೆಂಪು ಗಜ್ಜರಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಜೊತೆ ಹಸಿಯಾಗಿಯೇ ಕಡಿದು ತಿನ್ನುತ್ತೇವಲ್ಲ, ಅದು ಸಿಹಿಯೂ ಹೌದು, ರಸವೂ ಜಾಸ್ತಿ. ಅದನ್ನು ಹಿಂಡಲೇಬೇಕು. ವರ್ಷವಿಡೀ ಸಿಗುವ ಕಿತ್ತಳೆ ಬಣ್ಣದ ಮೊಂಡು ಕ್ಯಾರೆಟ್ ಅಷ್ಟು ನೀರು ಬಿಡುವುದಿಲ್ಲ, ಒಂದು ಸಲ ಮೆಲ್ಲಗೆ ಒತ್ತಿದರೆ ಸಾಕು. ಒಣಗಿ ಬಗ್ಗುವ ಹಾಗಾದ ಗಜ್ಜರಿಯನ್ನು ಹಿಂಡಬೇಡಿ, ಕೇಕ್ ಒಣಗಿ ಹೋಗುತ್ತದೆ.

ತುರಿಯೂ ನೋಡಿ ಹಾಕಿ. ಮಿಕ್ಸರ್‌ನಲ್ಲಿ ತಿರುವಿದರೆ ಅದು ತುರಿಯಲ್ಲ, ಚಟ್ನಿ, ನೀರೆಲ್ಲ ಹೊರಗೆ. ತೀರಾ ದಪ್ಪ ತೂತಿನಲ್ಲಿ ತುರಿದರೆ ಎಳೆ ಬೇಯದೆ ಹಲ್ಲಿಗೆ ಸಿಗುತ್ತದೆ, ಅದರ ಸುತ್ತ ಒದ್ದೆ ಜಾಗ ಉಳಿಯುತ್ತದೆ. ನಡುವಿನ ತೂತು ಸರಿ. ತೊಳೆದ ಗಜ್ಜರಿಯನ್ನು ಬಟ್ಟೆಯಲ್ಲಿ ಒರೆಸಿಯೇ ತುರಿಯಿರಿ. ಹಿಂಡಿದ ಮೇಲೆ ತೂಕ ಮಾಡಿ, ಆಗ 190ರಿಂದ 200 ಗ್ರಾಂ ಉಳಿದಿದ್ದರೆ ಹದ ಸರಿ ಇದೆ. ಆ ರಸವನ್ನು ಚೆಲ್ಲಬೇಡಿ, ಚಪಾತಿ ಹಿಟ್ಟಿಗೆ ಹಾಕಿ ನಾದಿ.

ಓವನ್ನಿನ ಗುಂಡಿ ಹೇಳುವುದು ಒಂದು, ಒಳಗಿರುವುದು ಇನ್ನೊಂದು

ಹಿಂಡಿದ ಮೇಲೂ ನಡು ಹಸಿ ಅಂದರೆ ಓವನ್ ಕಡೆ ತಿರುಗಿ. ಮನೆಗೆ ತರುವ ಓಟಿಜಿಗಳಲ್ಲಿ, ಅಂದರೆ ಕರೆಂಟಿನ ಸಣ್ಣ ಓವನ್‌ಗಳಲ್ಲಿ, ಗುಂಡಿಯನ್ನು 170ಕ್ಕೆ ಇಟ್ಟರೆ ಒಳಗೆ ಅಷ್ಟೇ ಇರುತ್ತದೆ ಅಂತ ನಂಬಬೇಡಿ, ಇಪ್ಪತ್ತು ಡಿಗ್ರಿ ಆಚೀಚೆ ಆಗುವುದು ಮಾಮೂಲು. ಓವನ್ ಥರ್ಮಾಮೀಟರ್ ಇದ್ದರೆ ಸರಿ. ಇಲ್ಲದಿದ್ದರೆ ಸಕ್ಕರೆ ಸಾಕು. ಸಕ್ಕರೆ ಕರಗುವುದು ಸುಮಾರು 186 ಡಿಗ್ರಿಗೆ. ಫಾಯಿಲ್‌ನಲ್ಲಿ ಒಂದು ಪುಟ್ಟ ಬಟ್ಟಲು ಮಾಡಿ, ಒಂದು ಚಮಚ ಸಕ್ಕರೆ ಹಾಕಿ, ಚೆನ್ನಾಗಿ ಕಾದ ಓವನ್ನಿನಲ್ಲಿ ಗುಂಡಿ 175ಕ್ಕೆ ಇಟ್ಟು ಹದಿನೈದು ನಿಮಿಷ ಬಿಡಿ. ಹರಳು ಹಾಗೇ ಇರಬೇಕು. ಕರಗಿದರೆ ನಿಮ್ಮ ಓವನ್ ಹೇಳುವುದಕ್ಕಿಂತ ಬಿಸಿ. ಆಮೇಲೆ 190ಕ್ಕೆ ಇಟ್ಟು ಮತ್ತೆ ಹದಿನೈದು ನಿಮಿಷ. ಈಗ ಕರಗಬೇಕು. ಕರಗದಿದ್ದರೆ ಓವನ್ ತಣ್ಣಗಿದೆ, ಅದರಲ್ಲಿ ಕೇಕ್ ಇಟ್ಟಾಗ ಗುಂಡಿಯನ್ನು 10-15 ಡಿಗ್ರಿ ಮೇಲಿಡಿ.

ವೋಲ್ಟೇಜ್ ಕೂಡ ಲೆಕ್ಕಕ್ಕೆ ಬರುತ್ತದೆ. ಬಿಸಿಯಾಗುವ ರಾಡಿನ ಶಕ್ತಿ ವೋಲ್ಟೇಜಿನ ವರ್ಗಕ್ಕೆ (ಅದನ್ನು ಅದರಿಂದಲೇ ಗುಣಿಸಿದ್ದಕ್ಕೆ) ತಕ್ಕಂತೆ ಇಳಿಯುತ್ತದೆ, ಅಂದರೆ 230 ಇರಬೇಕಾದ ಕಡೆ 200 ಇದ್ದರೆ ಶಾಖ ಮುಕ್ಕಾಲು ಪಾಲು ಮಾತ್ರ. ಹಳ್ಳಿ ಕಡೆ ಸಂಜೆ ಪಂಪು, ಟಿವಿ, ಫ್ಯಾನ್ ಎಲ್ಲ ಒಟ್ಟಿಗೆ ಓಡುವ ಹೊತ್ತಿನಲ್ಲಿ ಟ್ಯೂಬ್‌ಲೈಟ್ ಮಿಣಮಿಣ ಅಂದರೆ ಆವತ್ತು ಓವನ್ ಹತ್ತು ನಿಮಿಷದಲ್ಲಿ ಕಾಯುವುದಿಲ್ಲ, ಇಪ್ಪತ್ತು ನಿಮಿಷ ಬೇಕು. ಗದಗಿನ ನನ್ನ ತಂಗಿಯ ಕೇಕ್ ಭಾನುವಾರ ಮಧ್ಯಾಹ್ನ ಚೆನ್ನಾಗಿ ಬರುತ್ತಿತ್ತು, ವಾರದ ಸಂಜೆ ಮಾಡಿದರೆ ಕೆಡುತ್ತಿತ್ತು. ಕಾರಣ ಇಷ್ಟೇ. ನಡುವೆ ಕರೆಂಟ್ ಹೋದರೆ ಬಾಗಿಲು ತೆಗೆಯಬೇಡಿ, ಐದು ಹತ್ತು ನಿಮಿಷ ಒಳಗಿನ ಬಿಸಿಯೇ ಕಾಯುತ್ತದೆ. ಮೊದಲ ಇಪ್ಪತ್ತು ನಿಮಿಷದಲ್ಲಿ ಹೋಗಿ ಅರ್ಧ ಗಂಟೆ ಬರದಿದ್ದರೆ ಮಾತ್ರ ಆ ಕೇಕ್ ಉಳಿಯುವುದಿಲ್ಲ.

ಡಬ್ಬಿಯ ಅಳತೆಯಲ್ಲಿ ತುಂಬಾ ಜನ ಎಡವುತ್ತಾರೆ. 8 ಇಂಚಿನ ಹಿಟ್ಟನ್ನು 7 ಇಂಚಿನ ಡಬ್ಬಿಗೆ ಸುರಿದರೆ ಒಂದೇ ಇಂಚು ತಾನೇ ಅನಿಸುತ್ತದೆ, ಆದರೆ ಹಿಟ್ಟು ನೂರಕ್ಕೆ 30ರಷ್ಟು ದಪ್ಪ ನಿಲ್ಲುತ್ತದೆ. 6 ಇಂಚಿಗೆ ಸುರಿದರೆ ನೂರಕ್ಕೆ 78ರಷ್ಟು. ಅದೇ 50 ನಿಮಿಷದಲ್ಲಿ ನಡು ಬೇಯಲು ಸಾಧ್ಯವೇ ಇಲ್ಲ. ಡಬ್ಬಿ ಚಿಕ್ಕದಿದ್ದರೆ ಎರಡು ಡಬ್ಬಿಗೆ ಹಂಚಿ.

ಬೆಂದಿದೆಯಾ ಅಂತ ನೋಡಲು ಕಡ್ಡಿ ಚುಚ್ಚುವುದು ಈ ಕೇಕಿನಲ್ಲಿ ಮೋಸ ಮಾಡುತ್ತದೆ. ಕಡ್ಡಿಗೆ ಗಜ್ಜರಿ ಎಳೆ ತಾಗಿದರೆ ಬೆಂದರೂ ಒದ್ದೆ ಬರುತ್ತದೆ, ಅಂಚಿನ ಕಡೆ ಚುಚ್ಚಿದರೆ ಹಸಿ ಇದ್ದರೂ ಒಣ ಬರುತ್ತದೆ. ನಟ್ಟನಡುವೆ ಎರಡು ಮೂರು ಕಡೆ ಚುಚ್ಚಿ. ಬೆರಳಿನಿಂದ ಮೆಲ್ಲಗೆ ಒತ್ತಿ, ಗುಳಿ ವಾಪಸ್ ಮೇಲೆ ಬರಬೇಕು. ಅಂಚು ಡಬ್ಬಿಯಿಂದ ಕೂದಲೆಳೆಯಷ್ಟು ಬಿಟ್ಟಿರಬೇಕು. ಚುಚ್ಚುವ ಥರ್ಮಾಮೀಟರ್ ಇದ್ದರೆ ನಡು 95-96 ಡಿಗ್ರಿ ಮುಟ್ಟಿದರೆ ತೆಗೆಯಿರಿ. ನೂರಕ್ಕೆ ಕಾಯಬೇಡಿ. ಧಾರವಾಡ ಸಮುದ್ರ ಮಟ್ಟದಿಂದ 700 ಮೀಟರಿಗೂ ಎತ್ತರದಲ್ಲಿದೆ, ಇಲ್ಲಿ ನೀರೇ 97-98 ಡಿಗ್ರಿಗೆ ಕುದಿಯುತ್ತದೆ. ಈ ಎತ್ತರದಿಂದಲೇ ಕೇಕ್ ಕುಸಿಯುತ್ತದಾ ಅಂತ ಒಬ್ಬರು ಕೇಳಿದ್ದರು. ಇಲ್ಲ. ಅಳತೆ ಬದಲಿಸುವ ಅಗತ್ಯ ಬರುವುದು 900-1000 ಮೀಟರ್ ದಾಟಿದ ಮೇಲೆ.

ಮೊದಲ ಅರ್ಧ ಗಂಟೆ ಬಾಗಿಲು ತೆಗೆಯಬೇಡಿ. ಮಕ್ಕಳಿಗೆ ಗಾಜಿನಿಂದ ನೋಡಲು ಹೇಳಿ.

ಸೋಡಾ ಮತ್ತು ಪೌಡರ್

ಇವೆರಡೂ ಒಂದೇ ಅಲ್ಲ, ಒಂದರ ಬದಲು ಇನ್ನೊಂದನ್ನು ಅದೇ ಅಳತೆಯಲ್ಲಿ ಹಾಕಬೇಡಿ. ಸೋಡಾಗೆ ಹುಳಿ ಬೇಕು, ಮೊಸರೋ ಬೆಲ್ಲವೋ ನಿಂಬೆಯೋ. ಪೌಡರಿನಲ್ಲಿ ಹುಳಿ ಮೊದಲೇ ಸೇರಿರುತ್ತದೆ, ನೀರು ತಾಗಿದರೆ ಕೆಲಸ ಶುರು. ಹಳೆಯದಾಗಿದೆಯಾ ಅಂತ ನೋಡುವುದು ಸುಲಭ: ಒಂದು ಚಮಚ ಪೌಡರಿಗೆ ಕುದಿಯುವ ನೀರು ಹಾಕಿ, ಬುರ್ ಅಂತ ನೊರೆ ಏಳಬೇಕು. ಸೋಡಾಗೆ ನಿಂಬೆ ರಸ ಹಿಂಡಿ ನೋಡಿ. ಆಷಾಢ ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಮುಚ್ಚಳ ಸಡಿಲವಿದ್ದ ಪೌಡರ್ ಡಬ್ಬಿ ಎರಡೇ ತಿಂಗಳಲ್ಲಿ ಸತ್ತು ಹೋಗಿದ್ದನ್ನು ನಾನು ನೋಡಿದ್ದೇನೆ. ಪೌಡರ್ ಸತ್ತಿದ್ದರೆ ಕೇಕ್ ಉಬ್ಬಿ ಬೀಳುವುದಿಲ್ಲ, ಏಳುವುದೇ ಇಲ್ಲ. ಈ ವ್ಯತ್ಯಾಸ ನೆನಪಿಡಿ.

ಸೋಡಾ ಜಾಸ್ತಿಯಾದರೆ ಬೇಗ ಉಬ್ಬಿ, ಹಿಟ್ಟು ಗಟ್ಟಿಯಾಗುವ ಮೊದಲೇ ಗುಳ್ಳೆ ಒಡೆದು ನಡು ಬೀಳುತ್ತದೆ, ಬಣ್ಣ ಕಡು ಕಂದು, ರುಚಿ ಸಾಬೂನು. ಮರುದಿನ ಗಜ್ಜರಿ ಎಳೆಗಳು ಹಸಿರಾಗಿದ್ದರೂ ಸೋಡಾದ್ದೇ ಕೆಲಸ, ಜಾಸ್ತಿಯಾಗಿದೆ ಅಥವಾ ಒಂದೇ ಕಡೆ ಕೂತಿದೆ. ಬೂಸ್ಟು ಅಂತ ಹೆದರಬೇಡಿ. ಬೂಸ್ಟಾದರೆ ಮೇಲೆ ತುಪ್ಪಟದ ಹಾಗೆ ಇರುತ್ತದೆ, ಇದು ಎಳೆಯ ಒಳಗಿನ ಬಣ್ಣ. ಮೈದಾ, ಸೋಡಾ, ಪೌಡರ್ ಮೂರನ್ನೂ ಎರಡು ಸಲ ಜರಡಿ ಹಿಡಿಯಿರಿ.

ಮೊಸರು ಹಾಕುವವರಿಗೆ ಒಂದು ಮಾತು. ಏಪ್ರಿಲ್ ಬಿಸಿಲಿನಲ್ಲಿ ಮೊಸರು ಬೇಗ ಹುಳಿಯಾಗುತ್ತದೆ, ಸೋಡಾ ಬಟ್ಟಲಿನಲ್ಲೇ ಪೂರ್ತಿ ಉಕ್ಕಿ ಮುಗಿದಿರುತ್ತದೆ. ಓವನ್ ಕಾದ ಮೇಲೆಯೇ ಒದ್ದೆ ಹಿಟ್ಟಿಗೆ ಒಣ ಹಿಟ್ಟು ಸೇರಿಸಿ, ತಿರುವಿ, ಕೂಡಲೇ ಒಳಗಿಡಿ. ತಿರುವುವುದೂ ಬಿಳಿ ಹಿಟ್ಟು ಕಾಣದಷ್ಟು ಮಾತ್ರ, ಚಪಾತಿಗೆ ನಾದಿದ ಹಾಗೆ ಮಾಡಿದರೆ ಕೇಕ್ ರಬ್ಬರ್.

ಕುಕ್ಕರಿನಲ್ಲಿ ಮಾಡುವವರಿಗೆ

ಗ್ಯಾಸ್ಕೆಟ್ ಮತ್ತು ಸೀಟಿ ಎರಡನ್ನೂ ತೆಗೆದಿರಬೇಕು, ನೀರು ಹಾಕಬಾರದು, ತಳದಲ್ಲಿ ಉಪ್ಪು ಹರವಿ ಮೇಲೆ ಸ್ಟ್ಯಾಂಡ್. ಇಲ್ಲಿ ಬರುವ ದೋಷ ಎರಡು. ತಳ ಕರಿಯಾಗಿ ಮೇಲೆ ಹಸಿ ಅಂದರೆ ಉರಿ ಜಾಸ್ತಿ, ಇಲ್ಲಾ ಡಬ್ಬಿ ಉಪ್ಪಿಗೆ ತಾಗಿದೆ. ಮೇಲ್ಭಾಗ ಅಂಟಂಟು, ಅಲ್ಲಲ್ಲಿ ಗುಳಿ ಅಂದರೆ ಮುಚ್ಚಳದ ಹಬೆ ಹನಿಯಾಗಿ ಬಿದ್ದಿದೆ. ಗಜ್ಜರಿ ಕೇಕಿನಲ್ಲಿ ಹಬೆ ಜಾಸ್ತಿ, ಹಾಗಾಗಿ ಕುಕ್ಕರಿನವರು ಹಿಂಡುವುದನ್ನು ಬಿಡಲೇಬಾರದು. ಸಣ್ಣ ಉರಿಯಲ್ಲಿ ಒಂದು ಗಂಟೆ ಹಿಡಿಯುತ್ತದೆ, ಅವಸರ ಬೇಡ.

ಬೆಲ್ಲ, ಗೋಧಿ ಹಿಟ್ಟು, ಎಣ್ಣೆ

ಸಕ್ಕರೆ ಬದಲು ಬೆಲ್ಲ ಹಾಕಿದರೆ ರುಚಿ ಹೆಚ್ಚುತ್ತದೆ, ನನಗೂ ಅದೇ ಇಷ್ಟ. ಆದರೆ ಬೆಲ್ಲ ಬೇಗ ಕೆಂಪಾಗುತ್ತದೆ, ಜೊತೆಗೆ ತೇವವನ್ನೂ ತರುತ್ತದೆ. ಮೇಲೆ ನೋಡಿ ಬೆಂದಿದೆ ಅಂದುಕೊಂಡು ತೆಗೆದರೆ ಒಳಗೆ ಹಸಿ. 160 ಡಿಗ್ರಿಗೆ ಇಳಿಸಿ ಹತ್ತು ನಿಮಿಷ ಜಾಸ್ತಿ ಬಿಡಿ, ಮೇಲೆ ಕೆಂಪಾಗುತ್ತಿದ್ದ ಹಾಗೆ ಫಾಯಿಲ್ ಮುಚ್ಚಿ. ಬೆಲ್ಲವನ್ನು ನೀರಲ್ಲಿ ಕರಗಿಸಿ ಹಾಕಬೇಡಿ, ಪುಡಿ ಮಾಡಿ ಎಣ್ಣೆಯಲ್ಲಿ ಕದಡಿ. ಮೊಸರು, ಬೆಲ್ಲ, ಹಿಂಡದ ಗಜ್ಜರಿ ಮೂರೂ ಸೇರಿದರೆ ಆ ಕೇಕ್ ನಿಲ್ಲುವುದು ಕಷ್ಟ.

ಗಿರಣಿಯ ಗೋಧಿ ಹಿಟ್ಟಿನದು ಇದಕ್ಕೆ ಪೂರ್ತಿ ತಿರುಗಾಮುರುಗಾ. ಅದು ಮೈದಾಗಿಂತ ಜಾಸ್ತಿ ನೀರು ಕುಡಿಯುತ್ತದೆ, ಕೇಕ್ ಒಣಗಿ ಗಂಟಲಿಗೆ ಅಂಟುತ್ತದೆ. ಪೂರ್ತಿ ಗೋಧಿ ಹಿಟ್ಟಾದರೆ ಗಜ್ಜರಿ ಹಿಂಡಬೇಡಿ, ಅದರ ನೀರು ಇಲ್ಲಿ ಕೆಲಸಕ್ಕೆ ಬರುತ್ತದೆ. ಜೋಳದ ಹಿಟ್ಟನ್ನು ಕಾಲು ಭಾಗಕ್ಕಿಂತ ಜಾಸ್ತಿ ಹಾಕಿದರೆ ಕೊಯ್ಯುವಾಗಲೇ ಪುಡಿಪುಡಿ, ಅದರಲ್ಲಿ ಹಿಡಿದಿಡುವ ಅಂಟು ಇಲ್ಲ.

ಕೇಕ್ ಒಗ್ಗರಣೆಯ ವಾಸನೆ ಹೊಡೆಯುತ್ತದೆ ಅಂತ ಹಾವೇರಿಯಿಂದ ಒಬ್ಬರು ಬರೆದಿದ್ದರು. ಗಾಣದ ಶೇಂಗಾ ಎಣ್ಣೆ ಹಾಕಿದ್ದರು. ರೊಟ್ಟಿ ಚಟ್ನಿಗೆ ಅದರಷ್ಟು ಒಳ್ಳೆಯದು ಯಾವುದೂ ಇಲ್ಲ, ಕೇಕಿಗೆ ಬೇಡ. ವಾಸನೆ ಇಲ್ಲದ ಸೂರ್ಯಕಾಂತಿ ಎಣ್ಣೆ ಹಾಕಿ. ಅಕ್ರೋಡ್ ಹಾಕುವವರು ಮೊದಲು ಒಂದನ್ನು ಬಾಯಿಗೆ ಹಾಕಿ ನೋಡಿ, ಹಳೆಯದು ಕಹಿಯಾಗಿರುತ್ತದೆ, ಅದೊಂದರಿಂದ ಇಡೀ ಕೇಕ್ ಕಹಿ. ದಾಲ್ಚಿನ್ನಿ ಮನೆಯಲ್ಲಿ ಯಾರಿಗೂ ಸೇರದಿದ್ದರೆ ಏಲಕ್ಕಿ ಹಾಕಿ, ಗಜ್ಜರಿಗೆ ಏಲಕ್ಕಿ ಒಗ್ಗುತ್ತದೆ ಅಂತ ಹಲ್ವಾ ತಿಂದವರಿಗೆ ಹೇಳಬೇಕಾ?

ಮೇಲಿನ ಕ್ರೀಮ್ ಇಳಿದು ಹೋಗುವುದು

ಕ್ರೀಮ್ ಚೀಸ್ ನಮ್ಮಲ್ಲಿ ದುಬಾರಿ, ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ. ಶ್ರೀಖಂಡ ಮಾಡುವವರ ಮನೆಯಲ್ಲಿ ಅದಕ್ಕಿಂತ ಒಳ್ಳೆಯದೇ ಇದೆ: ಚಕ್ಕಾ, ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿದ ಗಟ್ಟಿ ಮೊಸರು. ಅದರ ಸಣ್ಣ ಹುಳಿ ಈ ಕೇಕಿಗೆ ಸರಿಯಾಗಿ ಹೊಂದುತ್ತದೆ. ಚಕ್ಕಾ ನೀರು ಬಿಟ್ಟು ಇಳಿಯುತ್ತಿದ್ದರೆ ಕಾರಣ ಎರಡರಲ್ಲಿ ಒಂದು. ಮೊಸರು ಕಟ್ಟಿದ್ದು ಸಾಲಲಿಲ್ಲ, ಫ್ರಿಜ್‌ನಲ್ಲಿಟ್ಟು ರಾತ್ರಿಯಿಡೀ ಕಟ್ಟಬೇಕು, ಬೆಳಿಗ್ಗೆ ಬಟ್ಟೆಯಿಂದ ಬಿಡಿಸಿದಾಗ ಉಂಡೆ ಕಟ್ಟುವ ಹಾಗಿರಬೇಕು. ಇಲ್ಲಾ ಸಕ್ಕರೆ ಪುಡಿ ಜಾಸ್ತಿ ಹಾಕಿ ಜಾಸ್ತಿ ಹೊತ್ತು ತಿರುವಿದ್ದೀರಿ. 200 ಗ್ರಾಂ ಚಕ್ಕಾಕ್ಕೆ 50 ಗ್ರಾಂ ಪುಡಿ ಸಾಕು, ಜೊತೆಗೆ 50 ಗ್ರಾಂ ಮೆತ್ತನೆಯ ಬೆಣ್ಣೆ ಹಾಕಿದರೆ ಗಟ್ಟಿ ನಿಲ್ಲುತ್ತದೆ. ಕೇಕ್ ಬೆಚ್ಚಗಿದ್ದರೂ ಇಳಿಯುತ್ತದೆ, ಅಡಿಗೆ ಕೈಯಿಟ್ಟು ನೋಡಿ, ತಣ್ಣಗಿರಬೇಕು.

ಈ ಸಲ ನಾದಿನಿಯ ಮನೆಗೆ ಹುಬ್ಬಳ್ಳಿಗೆ ಒಯ್ಯುವಾಗ ಕೇಕನ್ನು ಬಟರ್ ಪೇಪರಿನಲ್ಲಿ ಸುತ್ತಿ, ಚಕ್ಕಾವನ್ನು ಬೇರೆ ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಅದನ್ನು ಐಸ್ ತುಂಬಿದ ದೊಡ್ಡ ಡಬ್ಬಿಯೊಳಗೆ ಇಟ್ಟುಕೊಂಡು ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸು ಹತ್ತಿದೆ. ಬಸ್ಸಿನಲ್ಲಿ ಎಸಿ ಇದ್ದರೂ ಇಳಿದ ಮೇಲಿನ ಹತ್ತು ನಿಮಿಷದ ಬಿಸಿಲು ಸಾಕು ಕರಗಲು. ಅಲ್ಲಿ ಹೋಗಿ, ನೀರು ಕುಡಿದು, ಎಲ್ಲರೂ ಕೂತ ಮೇಲೆಯೇ ಚಕ್ಕಾ ಸವರಿ ಕೊಯ್ದೆ. ತಳದಲ್ಲಿ ಒದ್ದೆ ಪಟ್ಟಿ ಇರಲಿಲ್ಲ.